ನಯವಾದ ಭೇದ ಮತ್ತು ನಮ್ಮ ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಕಾಲೇಜುಗಳಲ್ಲಿ ಮಾತಾಡಿದಾಗ, ಆಮೇಲೆ ಚಹಾ ಕುಡಿಯುತ್ತ ನಿಂತಾಗ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಜಾಸ್ತಿ ತಿದ್ದಿಲ್ಲ. ನೀವು ಯಾವ ಪಕ್ಷಕ್ಕೆ ಓಟು ಹಾಕುವವರಾದರೂ ಒಂದೆರಡು ಕಡೆ ಸಿಟ್ಟು ಬರುತ್ತದೆ. ಬರಲಿ, ಪೂರ್ತಿ ಓದಿ.

### ಮೊದಲ ಮಾತು

"ಬೈಯಂಗಿಲ್ಲ, ಹೊಡಿಯಂಗಿಲ್ಲ. ಮತ್ತ ಭೇದ ಎಲ್ಲಿ ಬಂತ್ರಿ?"

ಥಾಮಸ್ ಪೆಟಿಗ್ರೂ ಮತ್ತು ರೂಲ್ ಮೀರ್ಟೆನ್ಸ್ ಎಂಬ ಇಬ್ಬರು ಮನೋವಿಜ್ಞಾನಿಗಳು 1995ರಲ್ಲಿ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಬ್ರಿಟನ್, ಪಶ್ಚಿಮ ಜರ್ಮನಿಯಲ್ಲಿ 1988ರಲ್ಲಿ ನಡೆದ ಸಮೀಕ್ಷೆ ಅವರ ಬಳಿ ಇತ್ತು. ಅವರು ಭೇದವನ್ನು ಎರಡಾಗಿ ನೋಡಿದರು. ಒಂದು ಒರಟು: ಅವರು ನಮಗಿಂತ ಕೀಳು, ಅವರಿಂದ ನಮ್ಮ ಕೆಲಸ ಹೋಯಿತು, ಅವರ ಜೊತೆ ಸಂಬಂಧ ಬೇಡ. ಇನ್ನೊಂದು ನಯವಾದದ್ದು. ಇದಕ್ಕೆ ಮೂರು ಮುಖ. ಅವರು ನಮ್ಮ ಹಾಗೆ ಕಷ್ಟಪಟ್ಟು ಮೇಲೆ ಬರುವವರಲ್ಲ ಅನ್ನುವುದು. ಅವರ ರೀತಿ ರಿವಾಜು ನಮಗಿಂತ ತೀರಾ ಬೇರೆ ಎಂದು ಉಬ್ಬಿಸಿ ಹೇಳುವುದು. ದ್ವೇಷ ತೋರಿಸದಿದ್ದರೂ ಮೆಚ್ಚುಗೆ, ಮರುಕ ಯಾವುದನ್ನೂ ತೋರಿಸದಿರುವುದು. ಮೂರನೆಯದು ಕಣ್ಣಿಗೆ ಬೀಳುವುದೇ ಕಷ್ಟ, ಯಾಕಂದ್ರೆ ಅಲ್ಲಿ ಏನೂ ನಡೆದಿರುವುದಿಲ್ಲ.

ಚಹಾದಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟ ಇಡುವುದು ಒರಟು ಭೇದ. 1955ರ ಕಾಯ್ದೆಯಿಂದಲೇ ಅದು ಅಪರಾಧ. ಈಗ ಬಹಳಷ್ಟು ಅಂಗಡಿಗಳಲ್ಲಿ ಎಲ್ಲರಿಗೂ ಪೇಪರ್ ಕಪ್. ಇನ್ನು ಮನೆಯೊಳಗೆ ಬನ್ನಿ. ವೈರಿಂಗ್ ರಿಪೇರಿಗೆ ಬಂದವನಿಗೆ ಪೇಪರ್ ಕಪ್ಪಿನಲ್ಲಿ ಚಹಾ ಬರುತ್ತದೆ. "ತೊಳಿಯೋದು ತಪ್ತದ ಬಿಡ್ರಿ" ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಸಂಜೆ ಬೀಗರು ಬಂದಾಗ ಮಾತ್ರ ಕಪ್ಪು-ಬಸಿ ಹೊರಗೆ ಬರುತ್ತವೆ, ತೊಳೆಯುವ ಬೇಸರ ನೆನಪಾಗುವುದಿಲ್ಲ.

"ರೇಸಿಸಂ ಅಮೆರಿಕದ ವಿಷಯ. ಕಲಬುರಗಿಯಲ್ಲಿ ಕೂತು ನಾವ್ಯಾಕೆ ತಲೆ ಕೆಡಿಸ್ಕೋಬೇಕು?"

ಜಾತಿಯೂ ಜನಾಂಗವೂ ಒಂದೇ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜಾತಿ ಅಂದರೆ ರಕ್ತದ ಬೇರ್ಪಡಿಕೆ ಎಂಬ ವಾದವನ್ನು ಅಂಬೇಡ್ಕರ್ 1936ರಲ್ಲೇ ತಳ್ಳಿಹಾಕಿದ್ದರು. ಪಂಜಾಬಿನ ಬ್ರಾಹ್ಮಣ ಮತ್ತು ಪಂಜಾಬಿನ ಚಮ್ಮಾರ ಒಂದೇ ಮೂಲದವರು, ಪಂಜಾಬಿನ ಬ್ರಾಹ್ಮಣನಿಗೂ ಮದ್ರಾಸಿನ ಬ್ರಾಹ್ಮಣನಿಗೂ ಜನಾಂಗದ ನಂಟಿಲ್ಲ ಎನ್ನುವುದು ಅವರ ವಾದ. 2001ರಲ್ಲಿ ಡರ್ಬನ್‌ನಲ್ಲಿ ಜನಾಂಗಭೇದದ ಮೇಲೆ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ಜಾತಿಯನ್ನೂ ಸೇರಿಸಿ ಎಂದು ದಲಿತ ಸಂಘಟನೆಗಳು ಕೇಳಿದವು. ಭಾರತ ಸರ್ಕಾರ ಒಪ್ಪಲಿಲ್ಲ. ಮರುವರ್ಷ ವಿಶ್ವಸಂಸ್ಥೆಯ ಜನಾಂಗಭೇದ ನಿವಾರಣಾ ಸಮಿತಿ, ಹುಟ್ಟಿನಿಂದ ಬರುವ ಜಾತಿಯಂಥ ಭೇದವೂ ತನ್ನ ವ್ಯಾಪ್ತಿಗೆ ಬರುತ್ತದೆ ಎಂದಿತು. ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಭೇದ ನಯವಾಗುವ ರೀತಿ ಎರಡೂ ಕಡೆ ಒಂದೇ ಥರ ಇರುವುದರಿಂದ ಅಲ್ಲಿನ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮೈಬಣ್ಣ, ಮುಖಚಹರೆಯ ಭೇದ ನಮ್ಮಲ್ಲಿಲ್ಲ ಅಂತಲೂ ಅಂದುಕೊಳ್ಳಬೇಡಿ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಹೆದರಿ ಬೆಂಗಳೂರು ಬಿಟ್ಟರು. 2016ರಲ್ಲಿ ಅದೇ ಊರಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಆ ದಾರಿಯಲ್ಲಿ ಮೊದಲೊಂದು ಅಪಘಾತವಾಗಿತ್ತು, ಅದಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ.

ಇದರ ರಾಜಕೀಯವೂ ನಮ್ಮ ನೆಲಕ್ಕೆ ಹೊಸದಲ್ಲ. ಬೀದರ್‌ನ ಹಬ್ಶಿ ಕೋಟ್ ಗುಡ್ಡದ ಮೇಲೆ ಹಬ್ಶಿಗಳ, ಅಂದರೆ ಆಫ್ರಿಕಾ ಮೂಲದ ಸರದಾರರ ಗೋರಿಗಳಿವೆ. ಬಹಮನಿ ದರ್ಬಾರಿನಲ್ಲಿ ಮೊದಲಿಂದ ಇಲ್ಲೇ ನೆಲೆಸಿದ್ದ ದಖ್ಖನಿಗಳು ಒಂದು ಬಣ, ಇರಾನ್ ಕಡೆಯಿಂದ ಬಂದ ಆಫಾಕಿಗಳು ಇನ್ನೊಂದು ಬಣ. ಹಬ್ಶಿಗಳು ಹೆಚ್ಚಾಗಿ ದಖ್ಖನಿಗಳ ಕಡೆ. ಬೀದರ್‌ನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್‌ನವನು. ಎದುರು ಬಣದವರು ಹೆಣೆದ ಸುಳ್ಳು ಪತ್ರಕ್ಕೆ 1481ರಲ್ಲಿ ಅವನ ತಲೆ ಹೋಯಿತು.

"ನಮ್ಮ ಪಕ್ಷಗಳನ್ನ ಎಡ, ಬಲ ಅಂತ ಹೆಂಗ ಹಂಚ್ತೀರಿ? ಇವತ್ತು ಇಲ್ಲಿ, ನಾಳೆ ಅಲ್ಲಿ ಇರ್ತಾರ."

ಪಕ್ಷಗಳನ್ನು ಹಂಚಲು ಹೋಗಬೇಡಿ, ವಿಚಾರಗಳನ್ನು ಹಂಚಿ. ಪ್ರದೀಪ್ ಛಿಬ್ಬರ್ ಮತ್ತು ರಾಹುಲ್ ವರ್ಮಾ ಎಂಬ ರಾಜಕೀಯ ವಿಜ್ಞಾನಿಗಳ ಪ್ರಕಾರ ಭಾರತದ ಮತದಾರರು ಎರಡು ಪ್ರಶ್ನೆಗಳ ಮೇಲೆ ಬೇರೆಯಾಗುತ್ತಾರೆ. ಸಮಾಜದ ಕಟ್ಟುಕಟ್ಟಳೆಗಳನ್ನು ಸರ್ಕಾರ ತಿದ್ದಬೇಕೋ ಬೇಡವೋ? ಹಿಂದುಳಿದ, ಅಲ್ಪಸಂಖ್ಯಾತ ಗುಂಪುಗಳಿಗೆ ಮೀಸಲಾತಿಯಂಥ ವಿಶೇಷ ಜಾಗ ಕೊಡಬೇಕೋ ಬೇಡವೋ? ಎರಡಕ್ಕೂ ಬೇಡ ಅನ್ನುವವರನ್ನು ಇಲ್ಲಿ ಬಲ ಅಂತ, ಬೇಕು ಅನ್ನುವವರನ್ನು ಎಡ ಅಥವಾ ಪ್ರಗತಿಪರರು ಅಂತ ಕರೆದಿದ್ದೇನೆ. ಅಷ್ಟು ಸಾಕು.

### ಮುಖ್ಯ ಜಗಳ

"ಸುತ್ತಿ ಬಳಸಿ ಹೇಳಬೇಡಿ. ಬಲಪಂಥದವರಲ್ಲೇ ಭೇದ ಜಾಸ್ತಿ, ಹೌದೋ ಅಲ್ಲವೋ?"

ಅಮೆರಿಕ, ಯುರೋಪಿನ ಸಮೀಕ್ಷೆಗಳಲ್ಲಿ ಸರಾಸರಿ ನೋಡಿದರೆ ಹೌದು. ಒರಟು ಭೇದದಲ್ಲೂ ನಯವಾದದ್ದರಲ್ಲೂ ಸಂಪ್ರದಾಯವಾದಿಗಳ, ಅಂದರೆ ಅಲ್ಲಿನ ಬಲದವರ ಅಂಕ ಮೇಲಿರುತ್ತದೆ. ಸಮಾಜದಲ್ಲಿ ಮೇಲು-ಕೆಳಗು ಇರುವುದೇ ಸರಿ ಎಂಬ ನಂಬಿಕೆಯನ್ನು ಅಳೆಯುವ ಮಾಪನವೊಂದನ್ನು ಫೆಲಿಸಿಯಾ ಪ್ರಾಟೊ, ಜಿಮ್ ಸಿಡಾನಿಯಸ್ ಮತ್ತಿತರರು 1994ರಲ್ಲಿ ತಂದರು. ಆ ನಂಬಿಕೆ ಗಟ್ಟಿಯಿದ್ದವರು ಬಲಕ್ಕೆ ವಾಲುವುದೂ ಜಾಸ್ತಿ, ಭೇದ ಮಾಡುವುದೂ ಜಾಸ್ತಿ.

ಆದರೆ ಸರಾಸರಿಯಿಂದ ಪಕ್ಕದ ಮನೆಯವರನ್ನು ಅಳೆಯಲು ಬರುವುದಿಲ್ಲ. ಎರಡೂ ಕಡೆಯ ಅಂಕಗಳು ಒಂದರ ಮೇಲೊಂದು ಬಹಳ ದೂರ ಹರಡಿರುತ್ತವೆ. ಕಡಿಮೆ ಭೇದದ ಸಂಪ್ರದಾಯವಾದಿಗಳು, ಹೆಚ್ಚು ಭೇದದ ಉದಾರವಾದಿಗಳು (ಲಿಬರಲ್‌ಗಳು, ಅಲ್ಲಿನ ಎಡದವರು) ಬೇಕಾದಷ್ಟು ಸಿಗುತ್ತಾರೆ. ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು, ಅದು ಅಳತೆಗೋಲಿನ ಮೇಲೇ ಇದೆ. ಮುಂದಿನ ಉತ್ತರ ಅದರ ಬಗ್ಗೆ.

"ರಿಸರ್ವೇಷನ್ ಬೇಡ ಅಂದ ಮಾತ್ರಕ್ಕೆ ನಾನು ಜಾತಿವಾದಿ ಆಗ್ತೀನಾ?"

ನನಗೆ ಬರುವ ಪತ್ರಗಳಲ್ಲಿ ಅರ್ಧ ಇದೇ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಅಮೆರಿಕದಲ್ಲಿ ಬಳಸುವ ಒಂದು ಮಾಪನದಲ್ಲಿ ಹೀಗೊಂದು ಹೇಳಿಕೆ ಇದೆ: ಐರಿಶರು, ಇಟಾಲಿಯನ್ನರು, ಯಹೂದಿಗಳು ತಮ್ಮ ದುಡಿಮೆಯಿಂದ ಮೇಲೆ ಬಂದರು, ಕಪ್ಪು ಜನರೂ ವಿಶೇಷ ನೆರವಿಲ್ಲದೆ ಹಾಗೇ ಬರಬೇಕು. ಒಪ್ಪಿದರೆ ಭೇದದ ಖಾತೆಗೆ ಅಂಕ ಸೇರುತ್ತದೆ. ಪಾಲ್ ಸ್ನೈಡರ್‌ಮನ್ ಮತ್ತು ಫಿಲಿಪ್ ಟೆಟ್ಲಾಕ್ 1986ರಲ್ಲೇ ಇದಕ್ಕೆ ಆಕ್ಷೇಪ ಎತ್ತಿದರು. ಸರ್ಕಾರದ ನೆರವೇ ಬೇಡ ಅನ್ನುವವನು ಯಾರ ವಿಷಯದಲ್ಲೂ ಹಾಗೇ ಹೇಳುತ್ತಾನೆ, ಅದು ಅವನ ತತ್ವ. ತತ್ವವನ್ನೇ ಭೇದ ಅಂತ ಎಣಿಸಿದರೆ ಸಂಪ್ರದಾಯವಾದಿಗಳ ಅಂಕ ಜಾಸ್ತಿ ಬರದೆ ಇನ್ನೇನಾಗುತ್ತದೆ? ತಕರಾರು ನ್ಯಾಯವಾದದ್ದೇ.

ಇದನ್ನು ಬಿಡಿಸಿ ನೋಡುವ ದಾರಿ ಒಂದಿದೆ. ಯೋಜನೆ ಅದೇ ಇರಲಿ, ಫಲಾನುಭವಿಯನ್ನು ಮಾತ್ರ ಬದಲಿಸಿ ಕೇಳಿ. ಸ್ಟ್ಯಾನ್ಲಿ ಫೆಲ್ಡ್‌ಮನ್ ಮತ್ತು ಲಿಯೋನಿ ಹಡ್ಡಿ ನ್ಯೂಯಾರ್ಕ್ ರಾಜ್ಯದ ಬಿಳಿಯರಲ್ಲಿ ಇದನ್ನು ಮಾಡಿ 2005ರಲ್ಲಿ ಪ್ರಕಟಿಸಿದರು. ವಿಷಯ ಕಾಲೇಜು ವಿದ್ಯಾರ್ಥಿವೇತನ. ಕೆಲವರಿಗೆ ಇದು ಕಪ್ಪು ವಿದ್ಯಾರ್ಥಿಗಳಿಗೆ ಅಂತ, ಕೆಲವರಿಗೆ ಬಿಳಿಯರಿಗೆ ಅಂತ, ಕೆಲವರಿಗೆ ಬಡವರಿಗೆ ಅಂತ ಹೇಳಿದರು. ಆ ಮಾಪನದಲ್ಲಿ ಹೆಚ್ಚು ಅಂಕ ಬಂದ ಸಂಪ್ರದಾಯವಾದಿಗಳು ಯಾರಿಗೆ ಕೊಟ್ಟರೂ ಬೇಡ ಅನ್ನುವ ಕಡೆ ವಾಲಿದರು. ಹೆಚ್ಚು ಅಂಕ ಬಂದ ಉದಾರವಾದಿಗಳ ವಿರೋಧ ಮಾತ್ರ ಕಪ್ಪು ವಿದ್ಯಾರ್ಥಿಗಳ ಯೋಜನೆಗೇ ಅಂಟಿಕೊಂಡಿತ್ತು. ಅಂದರೆ ಅದೇ ಅಂಕ ಒಬ್ಬನಲ್ಲಿ ತತ್ವದ ಗುರುತು, ಇನ್ನೊಬ್ಬನಲ್ಲಿ ಭೇದದ ಗುರುತು.

ನಮ್ಮ ಮೂರು ಜಿಲ್ಲೆಯವರಿಗೆ ಈ ಪರೀಕ್ಷೆ ಮನೆಬಾಗಿಲಲ್ಲೇ ಇದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಇಲ್ಲಿನ ಕಾಲೇಜುಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಮೀಸಲು. ನೌಕರಿಯಲ್ಲೂ ಪಾಲಿದೆ. ಬೆಂಗಳೂರಿನ ಕಡೆಯವರು "ಇವರಿಗೆ ಮೆರಿಟ್ ಇಲ್ಲ, ಕೋಟಾದಲ್ಲಿ ಬಂದವರು" ಅಂದಾಗ ನಮಗೆ ಮೈ ಉರಿಯುತ್ತದೆ. ನಿಜಾಮನ ಕಾಲದಿಂದ ಹಿಂದೆ ಬಿದ್ದೆವು, ಶಾಲೆ ಸಾಲಲಿಲ್ಲ, ರೈಲು ಸಾಲಲಿಲ್ಲ ಅಂತ ಸಾಲುಸಾಲು ಕಾರಣ ಕೊಡುತ್ತೇವೆ. ಎಲ್ಲವೂ ನಿಜ. ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಿ. 371(ಜೆ) ಸರ್ಟಿಫಿಕೇಟನ್ನು ನೀವು ಮಾಡಿಸಿಲ್ಲವೇ, ಪ್ರದೇಶದ ಕೋಟಾವೂ ಬೇಡ ಅನ್ನುತ್ತೀರಾ? ಹಾಗಿದ್ದರೆ ನಿಮ್ಮದು ತತ್ವ, ನಿಮ್ಮ ಜೊತೆ ಅದರ ಮೇಲೆ ವಾದ ಮಾಡಬಹುದು. ಆ ಸರ್ಟಿಫಿಕೇಟು ಫೈಲಿನಲ್ಲಿಟ್ಟುಕೊಂಡು, ಪರಿಶಿಷ್ಟರ ಮೀಸಲಾತಿ ಬಂದಾಗ ಮಾತ್ರ ಮೆರಿಟ್ ನೆನಪಾಗುತ್ತದೆಯೇ? ಆಗ ಅದನ್ನು ತತ್ವ ಅನ್ನಲು ನನಗೆ ಬಾಯಿ ಬರುವುದಿಲ್ಲ.

"ನಾನು ಪ್ರಗತಿಪರ. ಮನೆಯಲ್ಲಿ ಅಂಬೇಡ್ಕರ್ ಫೋಟೋ ಇದೆ. ಇದು ನನಗೂ ಅನ್ವಯಿಸುತ್ತಾ?"

ಅನ್ವಯಿಸುತ್ತದೆ. ನಿಮ್ಮ ಭೇದ ಬೇರೆ ಜಾಗದಲ್ಲಿ ಕೂತಿರುತ್ತದೆ, ಅಷ್ಟೇ.

ಸ್ಯಾಮ್ಯುಯೆಲ್ ಗೇರ್ಟ್ನರ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಲಿಬರಲ್ ಪಾರ್ಟಿ, ಕನ್ಸರ್ವೇಟಿವ್ ಪಾರ್ಟಿ ಎರಡರ ಬಿಳಿಯ ಸದಸ್ಯರ ಮನೆಗಳಿಗೆ ರಾಂಗ್ ನಂಬರ್ ಫೋನ್ ಹೋಯಿತು. "ಗ್ಯಾರೇಜಾ? ಕಾರು ದಾರಿಯಲ್ಲಿ ಕೆಟ್ಟಿದೆ. ಕೈಯಲ್ಲಿದ್ದ ಕೊನೆಯ ನಾಣ್ಯವೂ ಮುಗಿಯಿತು, ನೀವೇ ಗ್ಯಾರೇಜಿಗೆ ಫೋನ್ ಮಾಡ್ತೀರಾ?" ಕರೆ ಮಾಡಿದವರ ದನಿಯಿಂದ ಬಿಳಿಯರೋ ಕಪ್ಪು ಜನರೋ ಅಂತ ಗೊತ್ತಾಗುತ್ತಿತ್ತು. ಪೂರ್ತಿ ಕೇಳಿಸಿಕೊಂಡವರಲ್ಲಿ ಕನ್ಸರ್ವೇಟಿವ್ ಸದಸ್ಯರು ಕಪ್ಪು ದನಿಗೆ ನೆರವಾಗಿದ್ದು ಕಡಿಮೆ. ಲಿಬರಲ್‌ಗಳಲ್ಲಿ ಅಷ್ಟು ಅಂತರವಿರಲಿಲ್ಲ. ಆದರೆ ನೆರವು ಕೇಳುವ ಮೊದಲೇ ಫೋನ್ ಇಟ್ಟುಬಿಡುವುದರಲ್ಲಿ ಲಿಬರಲ್‌ಗಳು ಮುಂದಿದ್ದರು, ಅದೂ ಕಪ್ಪು ದನಿ ಕೇಳಿದಾಗ. ನೆರವು ಕೇಳಿದ ಮೇಲೆ ಇಲ್ಲ ಅಂದರೆ ತಾನು ಭೇದ ಮಾಡಿದೆ ಅಂತ ಮನಸ್ಸಿಗೆ ಗೊತ್ತಾಗುತ್ತದೆ. ಮೊದಲೇ ಇಟ್ಟರೆ ಅದು ಸುಮ್ನೆ ರಾಂಗ್ ನಂಬರ್.

ಜಾನ್ ಡೊವಿಡಿಯೊ ಜೊತೆ ಸೇರಿ ಇದೇ ಗೇರ್ಟ್ನರ್ 1989ರಲ್ಲೂ 1999ರಲ್ಲೂ ವಿದ್ಯಾರ್ಥಿಗಳ ಕೈಲಿ ಅಭ್ಯರ್ಥಿಗಳ ಆಯ್ಕೆ ಮಾಡಿಸಿದರು. ಅರ್ಹತೆ ಚೆನ್ನಾಗಿದೆ ಅಂತ ಎದ್ದು ಕಾಣುವಾಗ ಬಣ್ಣದ ಭೇದ ಕಾಣಲಿಲ್ಲ. ಅರ್ಹತೆ ಹೌದೋ ಅಲ್ಲವೋ ಅನ್ನುವಂತಿದ್ದಾಗ ಬಿಳಿಯ ಅಭ್ಯರ್ಥಿಗೆ ಸಂಶಯದ ಲಾಭ ಸಿಕ್ಕಿತು. ಹತ್ತು ವರ್ಷದಲ್ಲಿ ಬಾಯಲ್ಲಿ ಹೇಳುವ ಭೇದ ಇಳಿದಿತ್ತು, ಈ ಭೇದ ಇಳಿದಿರಲಿಲ್ಲ.

ಇನ್ನೊಂದು ರೂಪ, ಎದುರಿನವರಿಗೆ ಅಷ್ಟು ತಿಳಿಯದು ಅನ್ನುವಂತೆ ಮಾತನ್ನು ತುಸು ಇಳಿಸಿ ಆಡುವುದು. ಸಿಡ್ನಿ ಡುಪ್ರೀ ಮತ್ತು ಸೂಸನ್ ಫಿಸ್ಕ್ 2019ರಲ್ಲಿ ಅಮೆರಿಕದ ಅಧ್ಯಕ್ಷ ಅಭ್ಯರ್ಥಿಗಳ 25 ವರ್ಷದ ಭಾಷಣಗಳನ್ನು ನೋಡಿದರು. ಎಡಕ್ಕೆ ವಾಲುವ ಡೆಮಾಕ್ರಟಿಕ್ ಪಕ್ಷದ ಬಿಳಿಯ ಅಭ್ಯರ್ಥಿಗಳು ಅಲ್ಪಸಂಖ್ಯಾತ ಸಭಿಕರ ಮುಂದೆ ಸಾಮರ್ಥ್ಯ, ಅಧಿಕಾರ ಸೂಚಿಸುವ ಮಾತುಗಳನ್ನು ಕಡಿಮೆ ಮಾಡಿಕೊಂಡಿದ್ದರು. ಬಲಕ್ಕೆ ವಾಲುವ ರಿಪಬ್ಲಿಕನ್ನರಲ್ಲಿ ಅಂಥ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಮ್ಮ ವಿಚಾರ ಸಂಕಿರಣಗಳಲ್ಲೂ ಇದನ್ನು ನೋಡಬಹುದು. ದಲಿತ ಉಪನ್ಯಾಸಕರನ್ನು ಕರೆದು "ನಿಮ್ಮ ನೋವು ಹಂಚಿಕೊಳ್ಳಿ ಸರ್" ಅನ್ನುತ್ತೇವೆ. ಬಜೆಟ್ ಬಗ್ಗೆ ಮಾತಾಡಲು ಬೇರೆಯವರು ಬರುತ್ತಾರೆ. ಆ ಉಪನ್ಯಾಸಕರು ಕಲಿಸುವ ವಿಷಯ ಅರ್ಥಶಾಸ್ತ್ರವೇ ಆಗಿರಬಹುದು!

"ಇದು ಬಸವಣ್ಣನ ನೆಲ ರೀ. ನಮ್ಮಲ್ಲಿ ಅದೆಲ್ಲ ಇಲ್ಲ."

ಇದು ಪ್ರಶ್ನೆಯೇ ಅಲ್ಲ, ಆದರೆ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಎದ್ದು ಹೇಳುತ್ತಾರೆ. ಎಡದವರೂ ಹೇಳುತ್ತಾರೆ, ಬಲದವರೂ ಹೇಳುತ್ತಾರೆ.

ಬೆನ್ವಾ ಮೊನಿನ್ ಮತ್ತು ಡೇಲ್ ಮಿಲ್ಲರ್ 2001ರಲ್ಲಿ ತೋರಿಸಿದ್ದು ಹೀಗೆ: ತಾನು ಭೇದ ಮಾಡುವವನಲ್ಲ ಅಂತ ಮೊದಲು ತೋರಿಸಿಕೊಳ್ಳಲು ಅವಕಾಶ ಸಿಕ್ಕವರು, ಆಮೇಲಿನ ತೀರ್ಮಾನದಲ್ಲಿ ಭೇದ ಮಾಡಲು ಹಿಂಜರಿಯುವುದು ಕಡಿಮೆ. 2009ರಲ್ಲಿ ಮೊನಿನ್ ಮತ್ತು ಜೊತೆಗಾರರು ಬರಾಕ್ ಒಬಾಮಗೆ ಬೆಂಬಲ ಎಂದು ಹೇಳಲು ಅವಕಾಶ ಕೊಟ್ಟಾಗಲೂ ಅದೇ ಆಯಿತು. ಆಮೇಲೆ ಒಂದು ಕೆಲಸಕ್ಕೆ ಬಿಳಿಯರೇ ಸೂಕ್ತ ಅನ್ನುವುದು ಅವರಿಗೆ ಸಲೀಸಾಯಿತು. ಬಸವಕಲ್ಯಾಣದ ಹೆಸರನ್ನು ನಾವು ಎಷ್ಟೋ ಸಲ ಹೀಗೇ ಬಳಸುತ್ತೇವೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿಸಿದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತು ಅನ್ನುವ ಕಥೆ ವೇದಿಕೆ ಮೇಲೆ ಹೇಳಿ, ಮನೆಗೆ ಬಂದು ಮಗಳ ಬಯೋಡೇಟಾದಲ್ಲಿ ಒಳಪಂಗಡದ ಸಾಲು ತುಂಬುತ್ತೇವೆ.

2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ದೇಶದ ಸುಮಾರು ಶೇ 27ರಷ್ಟು ಮನೆಗಳು ತಾವು ಯಾವುದೋ ಒಂದು ರೀತಿಯ ಅಸ್ಪೃಶ್ಯತೆ ಪಾಲಿಸುತ್ತೇವೆ ಅಂತ ತಾವಾಗಿಯೇ ಒಪ್ಪಿಕೊಂಡಿದ್ದವು. ಒಪ್ಪಿಕೊಂಡವರ ಲೆಕ್ಕ ಅದು.

### ಇನ್ನೂ ಒಳಗೆ

"ಸಮೀಕ್ಷೆಯವರು ಬಂದ್ರ ಮಂದಿ ಖರೇನೇ ಹೇಳ್ತಾರೇನು?"

ಹೇಳುವುದಿಲ್ಲ, ಅದು ಸಂಶೋಧಕರಿಗೂ ಗೊತ್ತು. ಅದಕ್ಕೇ 1997ರಲ್ಲಿ ಜೇಮ್ಸ್ ಕುಕ್ಲಿನ್ಸ್ಕಿ ಮತ್ತು ಜೊತೆಗಾರರು ಪ್ರಕಟಿಸಿದ ಪಟ್ಟಿಯ ಉಪಾಯ ಪ್ರಸಿದ್ಧವಾಯಿತು. ಸಿಟ್ಟು ತರಿಸುವ ಮೂರು ಸಂಗತಿಗಳ ಪಟ್ಟಿ ಕೊಟ್ಟು, ಎಷ್ಟಕ್ಕೆ ಸಿಟ್ಟು ಬರುತ್ತದೆ ಅಂತ ಸಂಖ್ಯೆ ಮಾತ್ರ ಹೇಳಿ ಅಂದರು. ಇನ್ನೊಂದು ಗುಂಪಿಗೆ ಅದೇ ಪಟ್ಟಿಯಲ್ಲಿ "ಪಕ್ಕದ ಮನೆಗೆ ಕಪ್ಪು ಕುಟುಂಬ ಬರುವುದು" ಎಂಬ ನಾಲ್ಕನೆಯದನ್ನು ಸೇರಿಸಿದರು. ಯಾವುದಕ್ಕೆ ಸಿಟ್ಟು ಅಂತ ಯಾರೂ ಹೇಳಬೇಕಿಲ್ಲ. ಎರಡು ಗುಂಪುಗಳ ಸರಾಸರಿಯ ಅಂತರವೇ ಉತ್ತರ. ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರಲ್ಲಿ ಆ ಅಂತರ ದೊಡ್ಡದಾಗಿತ್ತು.

ಇನ್ನೊಂದು ದಾರಿ, ಕೇಳುವುದನ್ನೇ ಬಿಟ್ಟು ನಡವಳಿಕೆ ನೋಡುವುದು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ನಮ್ಮ ದೇಶದ ಪತ್ರಿಕೆಗಳ ಖಾಸಗಿ ನೌಕರಿ ಜಾಹೀರಾತುಗಳಿಗೆ ಒಂದೇ ಅರ್ಹತೆಯ, ಬೇರೆ ಬೇರೆ ಹೆಸರಿನ ಅರ್ಜಿಗಳನ್ನು ಕಳಿಸಿದರು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ, ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದು ಪಾಲು. ಅರ್ಜಿ ಪಕ್ಕಕ್ಕಿಟ್ಟವರು ಯಾವ ಪಕ್ಷದವರು ಅಂತ ಅಲ್ಲಿ ಯಾರೂ ಕೇಳಲಿಲ್ಲ.

"ಆನ್‌ಲೈನ್‌ನಲ್ಲಿ ಆ ಬಟನ್ ಒತ್ತುವ ಟೆಸ್ಟ್ ಮಾಡಿದೆ. ನನಗೆ ಭೇದ ಇದೆ ಅಂತ ಬಂತು. ನಂಬಬೇಕಾ?"

ಒಬ್ಬರ ಜಾತಕ ಹೇಳಲು ಅದು ಲಾಯಕ್ಕಿಲ್ಲ. ಮುಖಗಳನ್ನೂ ಒಳ್ಳೆಯ-ಕೆಟ್ಟ ಪದಗಳನ್ನೂ ಎಷ್ಟು ಬೇಗ ಜೋಡಿಸುತ್ತೀರಿ ಎಂದು ನೋಡಿ ಒಳಗಿನ ಒಲವನ್ನು ಅಳೆಯುವ ಪರೀಕ್ಷೆ ಅದು. 1998ರಲ್ಲಿ ಆಂಟನಿ ಗ್ರೀನ್‌ವಾಲ್ಡ್ ಮತ್ತಿತರರು ತಂದ ಅದನ್ನು ಇವತ್ತು ಮಾಡಿ ಮುಂದಿನ ವಾರ ಮತ್ತೆ ಮಾಡಿದರೆ ಅಂಕ ಬದಲಾಗಬಹುದು. ದೊಡ್ಡ ಗುಂಪುಗಳ ಸರಾಸರಿಗೆ ಮಾತ್ರ ಉಪಯೋಗ. ಅಲ್ಲೂ ಬಿಳಿಯ ಸಂಪ್ರದಾಯವಾದಿಗಳ ಒಲವು ಬಿಳಿಯರ ಕಡೆ ಸ್ವಲ್ಪ ಜಾಸ್ತಿ, ಬಿಳಿಯ ಉದಾರವಾದಿಗಳದ್ದು ಸ್ವಲ್ಪ ಕಡಿಮೆ. ಆದರೂ ಇಬ್ಬರದೂ ಅದೇ ಕಡೆ.

"ವಿಚಾರದಿಂದ ಭೇದ ಹುಟ್ಟುತ್ತಾ, ಭೇದದಿಂದ ವಿಚಾರ ಹುಟ್ಟುತ್ತಾ?"

ಎರಡೂ ಆಗುತ್ತದೆ. ಮೂರನೆಯದೂ ಒಂದಿದೆ: ಪಕ್ಷಗಳೇ ಜಾಗ ಬದಲಿಸುತ್ತವೆ. 1950ರ ದಶಕದ ಅಮೆರಿಕದಲ್ಲಿ ಕಪ್ಪು-ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆಗಳೇ ಇರಲಿ ಎಂದು ಹಟ ಹಿಡಿದ ದಕ್ಷಿಣದ ನಾಯಕರು ಹೆಚ್ಚಾಗಿ ಡೆಮಾಕ್ರಟಿಕ್ ಪಕ್ಷದವರು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ಅಲ್ಲಿನ ಬಿಳಿಯ ಮತದಾರರು ನಿಧಾನವಾಗಿ ರಿಪಬ್ಲಿಕನ್ ಕಡೆ ಸರಿದರು. ಅದೇ ಜನ, ಅದೇ ಮನಸ್ಸು, ಪಕ್ಷ ಮಾತ್ರ ಬೇರೆ. ಹಾಗಾಗಿ ಇವತ್ತಿನ ನಂಟು ಪ್ರಕೃತಿ ನಿಯಮವೇನಲ್ಲ.

ಡೊನಾಲ್ಡ್ ಕಿಂಡರ್ ಮತ್ತು ಡೇವಿಡ್ ಸಿಯರ್ಸ್ 1981ರಲ್ಲಿ ಲಾಸ್ ಏಂಜಲೀಸ್ ಮೇಯರ್ ಚುನಾವಣೆಗಳ ಬಗ್ಗೆ ಬರೆದದ್ದೂ ಇಲ್ಲಿ ಮುಖ್ಯ. 1969 ಮತ್ತು 1973ರಲ್ಲಿ ಕಪ್ಪು ಅಭ್ಯರ್ಥಿ ಟಾಮ್ ಬ್ರಾಡ್ಲಿ ವಿರುದ್ಧ ಓಟು ಹಾಕಿದ ಬಿಳಿಯರನ್ನು ಅವರು ನೋಡಿದರು. ತಮ್ಮ ಬೀದಿಗೆ, ತಮ್ಮ ಮಕ್ಕಳ ಶಾಲೆಗೆ ಏನಾಗುತ್ತದೋ ಎಂಬ ಸ್ವಂತ ಭಯಕ್ಕಿಂತ, "ಅವರು ಅತಿಯಾಗಿ ಕೇಳುತ್ತಿದ್ದಾರೆ" ಎಂಬ ಭಾವನೆಯೇ ಓಟನ್ನು ಹೆಚ್ಚು ನಿರ್ಧರಿಸಿತ್ತು.

"ಎಡದವರು ಬಲದವರನ್ನ ಕಂಡ್ರೆ ಉರೀತಾರೆ. ಅದು ಭೇದ ಅಲ್ವಾ?"

ಅಸಹನೆ ಅಂತ ಖಂಡಿತ ಕರೆಯಬಹುದು. ಮಾರ್ಕ್ ಬ್ರಾಂಟ್ ಮತ್ತು ಜೊತೆಗಾರರು 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು, ಎರಡೂ ಕಡೆಯವರು ತಮ್ಮ ವಿಚಾರಕ್ಕೆ ಎದುರಾದ ಗುಂಪುಗಳ ಮೇಲೆ ಹೆಚ್ಚುಕಡಿಮೆ ಅಷ್ಟೇ ಅಸಹನೆ ತೋರುತ್ತಾರೆ ಎಂದರು. ಆದರೆ ವಿಚಾರವನ್ನು ನಾಳೆ ಬೆಳಿಗ್ಗೆ ಬದಲಿಸಬಹುದು, ಅಡ್ಡಹೆಸರನ್ನೂ ಮೈಬಣ್ಣವನ್ನೂ ಬದಲಿಸಲಾಗದು. ಎರಡನ್ನೂ ಒಂದೇ ತೂಕಕ್ಕೆ ಹಾಕುವುದಕ್ಕೆ ನಾನು ಒಪ್ಪುವುದಿಲ್ಲ.

"ಒಂದೇ ಹಾಸ್ಟೆಲಿನಾಗ ಇದ್ರ, ಕೂಡಿ ಉಂಡ್ರ ಹೋಗ್ತದೇನ್ರಿ ಇದು?"

ಕಡಿಮೆಯಾಗುತ್ತದೆ. ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 500ಕ್ಕೂ ಹೆಚ್ಚು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಒಡನಾಟದಿಂದ ಭೇದ ಇಳಿಯುವುದೇ ಸಾಮಾನ್ಯ ಎಂದು ಕಂಡಿತು. ಆದರೆ ಎಂಥ ಒಡನಾಟ ಅನ್ನುವುದು ಮುಖ್ಯ. ಮ್ಯಾಟ್ ಲೋ ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ 1,261 ಯುವಕರನ್ನು ಸೇರಿಸಿ ಕ್ರಿಕೆಟ್ ಲೀಗ್ ನಡೆಸಿದರು. ಕೆಲವರನ್ನು ಬೆರಕೆ ಜಾತಿಯ ತಂಡಕ್ಕೆ, ಕೆಲವರನ್ನು ಒಂದೇ ಜಾತಿಯ ತಂಡಕ್ಕೆ ಚೀಟಿ ಎತ್ತಿದಂತೆ ಹಾಕಿದರು. ಒಂದೇ ತಂಡದಲ್ಲಿ ಆಡಿದವರಲ್ಲಿ ಬೇರೆ ಜಾತಿಯ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಮಾತ್ರ ಸಿಕ್ಕವರಲ್ಲಿ ಪರಿಣಾಮ ತಿರುಗುಮುರುಗು. ನಮ್ಮ ಊರುಗಳಲ್ಲಿ ಓಣಿಗೊಂದು ತಂಡ ಕಟ್ಟಿ ಟೂರ್ನಮೆಂಟ್ ಮಾಡುತ್ತೇವೆ. ಓಣಿಗಳು ಎಷ್ಟೋ ಕಡೆ ಜಾತಿವಾರು ಇರುವುದರಿಂದ, ಎರಡನೆಯ ಬಗೆಯ ಒಡನಾಟವನ್ನೇ ನಾವು ಕಪ್ ಕೊಟ್ಟು ಬೆಳೆಸುತ್ತಿದ್ದೇವೆ.

"ನಾನು ಎರಡು ರೂಮ್ ಬಾಡಿಗೆಗೆ ಕೊಡ್ತೀನಿ. ರಾಜಕೀಯ ಗೊತ್ತಿಲ್ಲ. ನಾನೇನು ಮಾಡಬೇಕು?"

ಮೇಲೆ ಹೇಳಿದ ಡೊವಿಡಿಯೊ ಪ್ರಯೋಗದಲ್ಲಿ ಭೇದ ನುಸುಳಿದ್ದು ಅಳತೆ ಸ್ಪಷ್ಟವಿಲ್ಲದ ಕಡೆ. ಹಾಗಾಗಿ ನಿಮ್ಮ ಷರತ್ತುಗಳನ್ನು ಯಾರಾದರೂ ಗೇಟು ತಟ್ಟುವ ಮೊದಲೇ ಬರೆದಿಡಿ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ಎಷ್ಟು ಜನ ಇರಬಹುದು, ನೀರು ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಗೇಟು ಹಾಕುತ್ತೀರಿ. ಮೊದಲು ಬಂದು ಒಪ್ಪಿದವರಿಗೆ ಕೊಡಿ. "ನೀವು ಯಾವ ಪೈಕಿ ರೀ?" ಅಂತ ಕೇಳದೆ ಇರಲು ಆಗುವುದೇ ಇಲ್ಲ ಅಂದರೆ, ಮುಂಗಡ ಇಸ್ಕೊಂಡು ಬೀಗದ ಕೈ ಕೊಟ್ಟ ಮೇಲೆ ಕೇಳಿ.